ಅಟ್ಟದ ಮೇಲಿನ ಕಾಯಿ ಮತ್ತು ಆಗಮನ ಕಾಲ

ಅಮ್ಮಸಂದ್ರದ ಸುತ್ತಿನ ನಮ್ಮ ಸೀಮೆಗೆ ಹೆಸರು ತಂದುಕೊಟ್ಟದ್ದು ಉಂಡೆ ಕೊಬ್ಬರಿ. ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕೆ ಸಿಗುವ ಮನ್ನಣೆಯ ಗುಟ್ಟು ಯಾವ ಯಂತ್ರದಲ್ಲಿಯೂ ಇಲ್ಲ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಸುಮ್ಮನೆ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಲೊಡಲೊಡ ಸದ್ದು ಕೇಳುವುದಕ್ಕೆ ಹತ್ತು ಹನ್ನೆರಡು ತಿಂಗಳು ಹಿಡಿಯುತ್ತದೆ. ಕಾಯನ್ನು ಹೋಳುಮಾಡಿ ಬಿಸಿಲಿಗೆ ಹರವಿದರೆ ಬೇಗ ಒಣಗುತ್ತದೆ, ನಿಜ. ಆದರೆ ಅದು ಗಾಣಕ್ಕೆ ಹೋಗುವ ಕೊಬ್ಬರಿ, ಉಂಡೆಯಲ್ಲ. ಈ ಡಿಸೆಂಬರಿನಲ್ಲಿ ನಮ್ಮ ತಾಯಂದಿರು ಕರ್ಜಿಕಾಯಿಗೆಂದು ತುರಿಯುವ ಕೊಬ್ಬರಿ, ಕಳೆದ ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ಅಟ್ಟ ಸೇರಿದ ಕಾಯಿ!

ಇಷ್ಟು ಚೆನ್ನಾಗಿ ಕಾಯಬಲ್ಲ ಸೀಮೆಯ ಕ್ರೈಸ್ತರಾದ ನಾವು ಹಬ್ಬದ ವಿಷಯದಲ್ಲಿ ಮಾತ್ರ ಅವಸರಕ್ಕೆ ಬಿದ್ದಿದ್ದೇವೆ. ನವೆಂಬರ್ ಮುಗಿಯುವ ಮೊದಲೇ ಮನೆಯ ಮುಂದೆ ನಕ್ಷತ್ರ ತೂಗುತ್ತದೆ. ಡಿಸೆಂಬರಿನ ಮೊದಲ ವಾರದಿಂದಲೇ ಕೇಕು, ಕೂಟ, ಕ್ಯಾರಲ್ ಗಾಯನ. ಶಾಲೆಗಳಿಗೆ ರಜೆ ಬರುವುದರಿಂದ ಮಕ್ಕಳ ಸಮಾರಂಭ ಮುಂಚಿತವಾಗಿ ನಡೆಯುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಇಪ್ಪತ್ತೈದರ ವೇಳೆಗೆ ದಣಿದು, ಇಪ್ಪತ್ತಾರಕ್ಕೆ ಗೋದಲಿಯನ್ನು ಕಟ್ಟಿ ಪೆಟ್ಟಿಗೆಗೆ ತುಂಬುವ ಮನೆಗಳನ್ನು ಕಂಡಾಗ, ಇವರು ಹಬ್ಬವನ್ನು ಆಚರಿಸಿದರೋ ದಾಟಿದರೋ ಎಂಬ ಸಂದೇಹ ಮೂಡುತ್ತದೆ. ಪೂಜಾವಿಧಿಯ ಪಂಚಾಂಗದ ಪ್ರಕಾರ ಕ್ರಿಸ್ತಜಯಂತಿಯ ಕಾಲ ಆರಂಭವಾಗುವುದೇ ಇಪ್ಪತ್ತೈದರ ಹಬ್ಬದೊಂದಿಗೆ. ಅದು ಮುಗಿಯುವುದು ಜನವರಿಯಲ್ಲಿ, ಪ್ರಭುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ.

ಆಗಮನ ಕಾಲದ ಭಾನುವಾರಗಳ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಅದು ಬೆತ್ಲೆಹೇಮಿನ ಇರುಳಿನಲ್ಲಿ ದೂತರು ಹಾಡಿದ ಹಾಡಲ್ಲವೆ? ಆ ಇರುಳು ಬರುವ ತನಕ ಧರ್ಮಸಭೆ ಅದನ್ನು ತಡೆದು ಇಟ್ಟುಕೊಳ್ಳುತ್ತದೆ. ತಪಸ್ಸು ಕಾಲದ ನಲವತ್ತು ದಿನಗಳಲ್ಲಿ ‘ಅಲ್ಲೆಲೂಯ’ ಮೌನವಾಗಿರುವುದೂ ಹೀಗೆಯೇ. ಆ ಬಳಿಕ ಬರುವ ಪಾಸ್ಖ ಕಾಲಕ್ಕೆ ಐವತ್ತು ದಿನಗಳಿವೆ. ಉಪವಾಸಕ್ಕಿಂತ ಹತ್ತು ದಿನ ಹೆಚ್ಚು ಸಂತೋಷ! ಉಪವಾಸದ ಲೆಕ್ಕವನ್ನು ಬೆರಳಲ್ಲಿ ಎಣಿಸುವ ನಾವು ಈ ಐವತ್ತನ್ನು ಪಾಸ್ಖದ ಮರುದಿನವೇ ಮರೆಯುತ್ತೇವೆ.

ಕಾಲವೆಂದರೇನು ಎಂಬ ಪ್ರಶ್ನೆಯೊಡನೆ ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹನ್ನೊಂದನೆಯ ಭಾಗದಲ್ಲಿ ಬಹಳ ಹೆಣಗಿದ್ದಾರೆ. ಕಳೆದುದು ನಮ್ಮಲ್ಲಿ ನೆನಪಾಗಿ, ಬರಲಿರುವುದು ನಿರೀಕ್ಷೆಯಾಗಿ, ಇರುವುದು ಗಮನವಾಗಿ ನೆಲೆಸುತ್ತವೆ ಎಂಬುದು ಅವರ ವಿಚಾರದ ತಿರುಳು. ಹಾಗಾದರೆ ನಿರೀಕ್ಷೆಗೆ ಬರಬೇಕಾದುದನ್ನು ಮೊದಲೇ ಕಬಳಿಸಿದವನಿಗೆ ಹಬ್ಬ ಬೇಗ ಸಿಕ್ಕಂತಾಗುವುದಿಲ್ಲ. ಅವನಿಗೆ ನಿರೀಕ್ಷೆಯೂ ಇಲ್ಲ, ಹಬ್ಬದ ದಿನ ಗಮನವೂ ಇಲ್ಲ. ತತ್ತ್ವಶಾಸ್ತ್ರ ದೂರವೆನಿಸಿದರೆ ಅವರೆಕಾಯಿಯನ್ನು ನೆನೆಯಬಹುದು. ವರ್ಷವಿಡೀ ಅವರೆ ಸಿಗುವಂತಾಗಿದೆ. ಸೊಗಡು ಮಾತ್ರ ಇಂದಿಗೂ ಮಾಗಿಯ ಇಬ್ಬನಿಯನ್ನೇ ಕಾಯುತ್ತದೆ.

ಇದು ಕೇವಲ ರುಚಿಯ ಮಾತಾಗಿದ್ದರೆ ನಾವು ಈ ಅಂಕಣವನ್ನು ಇದಕ್ಕೆ ವ್ಯಯಿಸುತ್ತಿರಲಿಲ್ಲ. ವರ್ಷದೊಳಗೆ ಸಾವು ಕಂಡ ಮನೆಗಳು ಪ್ರತಿ ಧರ್ಮಕೇಂದ್ರದಲ್ಲಿಯೂ ಇರುತ್ತವೆ. ಪತಿಯನ್ನೋ ಮಗುವನ್ನೋ ಮಣ್ಣಿಗಿಟ್ಟು ಮೊದಲ ಡಿಸೆಂಬರನ್ನು ಎದುರಿಸುವವರಿಗೆ ಹಾಡು ಬೇಡ, ದೀಪ ಬೇಡ. ಆದರೂ ದೇವಾಲಯ ಬೇಕು. ನೇರಳೆ ವಸ್ತ್ರದ, ಕತ್ತಲಲ್ಲಿ ಕಾಯುವವರ ಪ್ರವಾದನೆಗಳನ್ನು ಓದುವ ಆಗಮನ ಕಾಲ ಅಂಥವರದೇ ಕಾಲ. ಇಡೀ ತಿಂಗಳನ್ನು ನಾವು ಸಂಭ್ರಮದಿಂದ ತುಂಬಿಬಿಟ್ಟರೆ ಅವರು ಎಲ್ಲಿ ಕುಳಿತುಕೊಳ್ಳಬೇಕು? ಕೆಲವರು ಬಾಗಿಲ ಬಳಿಯ ಕೊನೆಯ ಬೆಂಚಿನಿಂದ ಕಡೆಯ ಆಶೀರ್ವಾದಕ್ಕೂ ಮೊದಲೇ ಎದ್ದುಹೋಗುತ್ತಾರೆ. ಕೆಲವರು ಬರುವುದನ್ನೇ ನಿಲ್ಲಿಸುತ್ತಾರೆ.

ಕಾಯುವುದು ಎಲ್ಲರ ಕೈಯಲ್ಲೂ ಇಲ್ಲವೆಂಬುದನ್ನು ಬಲ್ಲೆವು. ಸಾಲದ ಕಂತು ಬಾಗಿಲಿಗೆ ಬಂದಾಗ ರೈತನು ಅಟ್ಟವನ್ನು ಮರೆತು ಎಳನೀರನ್ನೇ ಮಾರುತ್ತಾನೆ. ಅವನನ್ನು ಹಳಿಯುವ ಅಧಿಕಾರ ನಮಗಿಲ್ಲ. ಪಾಳಿಯಲ್ಲಿ ದುಡಿಯುವ ಕಾರ್ಮಿಕನಿಗೆ ಹಬ್ಬದ ದಿನವೇ ಬಿಡುವು ಸಿಕ್ಕೀತೆಂಬ ಭರವಸೆಯಿಲ್ಲ. ಆದರೆ ನಕ್ಷತ್ರವನ್ನು ಮುಂಚೆ ತೂಗುಹಾಕಲು ನಮ್ಮನ್ನು ಯಾವ ಸಾಲಗಾರನೂ ಪೀಡಿಸುತ್ತಿಲ್ಲ.

ಈ ವರ್ಷ ಗೋದಲಿ ಕಟ್ಟುವ ಕುಟುಂಬಗಳಲ್ಲಿ ನಮ್ಮದೊಂದು ಕೋರಿಕೆ. ಹುಲ್ಲು ಹಾಸಿ, ಕುರಿಗಳನ್ನಿಡಿ; ತೊಟ್ಟಿಲು ಬರಿದಾಗಿರಲಿ. ಬಾಲಯೇಸುವನ್ನು ಇಪ್ಪತ್ತನಾಲ್ಕರ ರಾತ್ರಿ ಮನೆಯ ಅತಿ ಕಿರಿಯ ಮಗು ತಂದು ಮಲಗಿಸಲಿ. ಮೂವರು ರಾಯರನ್ನು ಅಂದೇ ತಂದು ನಿಲ್ಲಿಸಬೇಡಿ, ಅವರು ಬಹು ದೂರದಿಂದ ಬರುವವರು. ಕಿಟಕಿಯ ಕಟ್ಟೆಯ ಮೇಲೆ ಒಂಟೆಗಳೊಡನೆ ಹೊರಡಿಸಿ, ದಿನಕ್ಕೊಂದು ಗೇಣು ಮುಂದೆ ಸರಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ಮೂರು ರಾಯರ ಹಬ್ಬದ ಬೆಳಿಗ್ಗೆ ಅವರು ಗೋದಲಿಯನ್ನು ಮುಟ್ಟಲಿ.