ಅಂಗಡಿಯ ಚಿತ್ರ, ಪಡಸಾಲೆಯ ಚಿತ್ರ



ಈ ಸಲ ನಾವು ಬರೆಯಹೊರಟಿರುವುದು ಟಿ.ವಿ. ಕೊಳ್ಳುವ ವಿಷಯವನ್ನು. ಇದೂ ಒಂದು ಚಿಂತನೆಯ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಪಿಂಚಣಿಯಲ್ಲಿ ತಿಂಗಳು ತಿಂಗಳೂ ಉಳಿಸಿದ ನಲವತ್ತು ಸಾವಿರ ರೂಪಾಯಿ ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಗುವ ವ್ಯವಹಾರವನ್ನು ಅಲ್ಪವೆಂದು ಹೇಳಲು ನಮಗೆ ಮನಸ್ಸು ಬರಲಿಲ್ಲ. ಅಲ್ಲದೆ ಈ ವ್ಯವಹಾರದಲ್ಲಿ ಮೋಸಹೋದವರು ಬೇರೆ ಯಾರೂ ಅಲ್ಲ, ನಾವೇ. ಮೋಸವೆಂಬ ಮಾತೂ ಪೂರ್ತಿ ಸರಿಯಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇವೆ.

ಖಾನಾಪುರದಲ್ಲಿ ನಮ್ಮ ಅಕ್ಕನ ಮನೆಯಿದೆ. ಹಳೆಯ ಹಂಚಿನ ಮನೆ, ಮಣ್ಣಿನ ದಪ್ಪ ಗೋಡೆ, ಹನ್ನೊಂದು ಅಡಿ ಅಗಲದ ಪಡಸಾಲೆ. ಅಕ್ಕನ ಮಾವನವರನ್ನು ಮೊಮ್ಮಕ್ಕಳ ಜೊತೆಗೆ ನಾವೂ ಅಜ್ಜಾರು ಎಂದೇ ಕರೆಯುವುದು ರೂಢಿ. ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ನಿವೃತ್ತರಾದ ಅವರಿಗೆ ಈಗ ಎಂಬತ್ತನಾಲ್ಕು ವರ್ಷ. ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಮೊಣಕಾಲು ಹಿಡಿದುಕೊಂಡಿವೆ. ಪಡಸಾಲೆಯ ಬಲಗೋಡೆಯ ಕಿಟಕಿಯ ಪಕ್ಕದಲ್ಲಿ ಅವರ ಮಂಚ. ಅಲ್ಲಿಂದ ಓಣಿ ಕಾಣುತ್ತದೆ, ಹೋಗಿ ಬರುವವರು ನಿಂತು ಶರಣು ಹೇಳಿ ಮುಂದೆ ಸಾಗುತ್ತಾರೆ. ಆ ಮಂಚವನ್ನು ಅಲ್ಲಿಂದ ಸರಿಸುವ ಮಾತನ್ನು ಆ ಮನೆಯಲ್ಲಿ ಯಾರೂ ಆಡುವುದಿಲ್ಲ.

ದೊಡ್ಡ ಟಿ.ವಿ. ಬೇಕೆಂದು ಕೇಳಿದವರು ಅಜ್ಜಾರೇ. ಶ್ರಾವಣದ ಪ್ರವಚನ, ಸಂಜೆಯ ವಾರ್ತೆ, ಒಮ್ಮೊಮ್ಮೆ ಕುಸ್ತಿ, ಇಷ್ಟೇ ಅವರ ಅಪೇಕ್ಷೆ. ಹಳೆಯ ಸಣ್ಣ ಪರದೆಯಲ್ಲಿ ಅವರಿಗೆ ಮುಖಗಳು ಗುರುತು ಸಿಗುತ್ತಿರಲಿಲ್ಲ. ರಾಮಾಯಣ ಧಾರಾವಾಹಿ ಬರುತ್ತಿದ್ದ 1987-88ರ ಭಾನುವಾರಗಳಂದು ಇದೇ ಪಡಸಾಲೆಯಲ್ಲಿ ಓಣಿಯ ಮೂವತ್ತು ಜನ ಸೇರುತ್ತಿದ್ದುದು ನಮಗೆ ನೆನಪಿದೆ. ಕೆಲವರು ಬಾಗಿಲಲ್ಲಿ, ಕೆಲವರು ಅಡಿಗೆಮನೆಯ ಹೊಸ್ತಿಲ ಮೇಲೆ, ಮಕ್ಕಳು ಟಿ.ವಿ.ಯ ಬುಡದಲ್ಲಿ. ಗಾಜಿನ ಕೊಳವೆಯ ಆ ಕಪ್ಪು-ಬಿಳುಪು ಪೆಟ್ಟಿಗೆ ಯಾವ ಮೂಲೆಯಿಂದ ನೋಡಿದರೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತಿತ್ತು. ಆದ್ದರಿಂದ ಯಾರು ಎಲ್ಲಿ ಕುಳಿತು ನೋಡುತ್ತಾರೆ ಎಂಬ ಪ್ರಶ್ನೆ ಅಂದು ಹುಟ್ಟಲೇ ಇಲ್ಲ. ಇಂದೂ ಅದು ನಮ್ಮ ತಲೆಗೆ ಹೊಳೆಯದೆ ಹೋದುದು ಅದೇ ಕಾರಣಕ್ಕೆ ಇರಬೇಕು.

2025ರ ದೀಪಾವಳಿಯ ಸಮಯದಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಬೆಳಗಾವಿಯ ಪೇಟೆಗೆ ಹೋದೆವು. ಖಡೇಬಜಾರ, ಗಣಪತ ಗಲ್ಲಿಗಳಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ನಾವು ಹೊಕ್ಕ ಅಂಗಡಿಯಲ್ಲಿ 55 ಅಂಗುಲದ ಸ್ಮಾರ್ಟ್ ಟಿ.ವಿ.ಯೊಂದರ ಮೇಲೆ ಮುದ್ರಿತ ಬೆಲೆ 74,990 ಎಂದೂ, ಹಬ್ಬದ ಬೆಲೆ 38,990 ಎಂದೂ ಚೀಟಿ ಹಚ್ಚಿದ್ದರು. ಶೇಕಡಾ 48 ರಿಯಾಯಿತಿ! ಅಳಿಯನ ಕಣ್ಣು ಅರಳಿದವು, ನಮ್ಮವೂ ಅರಳದೆ ಇರಲಿಲ್ಲ.

ಮುದ್ರಿತ ಬೆಲೆಯೆಂಬುದು ಆ ವಸ್ತುವನ್ನು ಮಾರಬಹುದಾದ ಗರಿಷ್ಠ ಬೆಲೆ ಮಾತ್ರ. ಯಾರಾದರೂ ಆ ಬೆಲೆಗೆ ಕೊಂಡಿದ್ದಾರೆಂದು ಅದರ ಅರ್ಥವಲ್ಲ. ಆದುದರಿಂದ ರಿಯಾಯಿತಿಯನ್ನು ಅದರಿಂದ ಅಳೆಯಬಾರದು. ಅದೇ ಮಾದರಿ ಪಕ್ಕದ ಎರಡು ಅಂಗಡಿಗಳಲ್ಲಿ ಎಷ್ಟಕ್ಕೆ ದೊರೆಯುತ್ತದೆ ಎಂಬುದರಿಂದ ಅಳೆಯಬೇಕು. ತೆರಿಗೆ ಇಳಿದುದು ಮಾತ್ರ ನಿಜವಾದ ಇಳಿಕೆ. 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲೆ ಶೇ. 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಬಂದಿದೆ. ತೆರಿಗೆ ಸೇರಿ 40,000 ರೂಪಾಯಿ ಇದ್ದ ಟಿ.ವಿ. ಇದರಿಂದ 36,875 ಆಗಬೇಕು, ಉಳಿತಾಯ 3,125. ಬಡ್ಡಿಯಿಲ್ಲದ ಕಂತು ಎಂಬುದರಲ್ಲಿಯೂ ಬಡ್ಡಿ ಇದ್ದೇ ಇರುತ್ತದೆ. ಅದನ್ನು ಬೆಲೆಯಲ್ಲಿ ಮೊದಲೇ ಕಳೆದು ತೋರಿಸುತ್ತಾರೆ, ಆ ಬಡ್ಡಿಯ ಮೇಲೆ ಬ್ಯಾಂಕು ಜಿ.ಎಸ್.ಟಿ. ಹಿಡಿಯುತ್ತದೆ. ನಾವು ನಗದು ಕೊಟ್ಟೆವು.

ಅಂಗಡಿಯ ಗೋಡೆಯ ತುಂಬ ಟಿ.ವಿ.ಗಳು. ಎಲ್ಲದರಲ್ಲಿಯೂ ಒಂದೇ ಚಿತ್ರ: ನವಿಲು, ಜೇನಿನ ಹನಿ, ಕೆಂಪು ಮೆಣಸಿನಕಾಯಿಯ ರಾಶಿ. "ಕಾಕಾ, ಪಿಕ್ಚರ್ ಹೆಂಗೈತಿ ನೋಡ್ರಿ, ನವಿಲ ಹೊರಗ ಹಾರಿ ಬರೂವಂಗ ಐತಿ" ಎಂದ ಮಾರುವ ಹುಡುಗ. ನಿಜಕ್ಕೂ ಹಾಗೆಯೇ ಇತ್ತು. ಪಕ್ಕದಲ್ಲಿದ್ದ, ಆರು ಸಾವಿರ ಹೆಚ್ಚಿನ ಇನ್ನೊಂದು ಟಿ.ವಿ. ಅದರ ಮುಂದೆ ಸಪ್ಪೆಯಾಗಿ ಕಾಣಿಸಿತು. ನೇರವಾಗಿ ಎದುರು ನಿಂತು ಹತ್ತು ನಿಮಿಷ ನೋಡಿ ಹೊಳೆಯುತ್ತಿದ್ದುದನ್ನೇ ಆರಿಸಿದೆವು.

ಮೂರನೆಯ ದಿನ ಟಿ.ವಿ. ಖಾನಾಪುರಕ್ಕೆ ಬಂತು. ಮಣ್ಣಿನ ಗೋಡೆಗೆ ಬೋಲ್ಟು ನಿಲ್ಲದೆಂದು ಹಳೆಯ ಸಾಗವಾನಿ ಮೇಜಿನ ಮೇಲೆಯೇ ಕೂಡಿಸಿದರು. ಅಕ್ಕ ಕುಂಕುಮ ಹಚ್ಚಿದಳು, ಅಳಿಯ ವಾರ್ತೆ ಹಚ್ಚಿದ. ಅಜ್ಜಾರು ಮಂಚದ ಮೇಲೆ ಕುಳಿತು ಬಹಳ ಹೊತ್ತು ನೋಡಿ ಕೇಳಿದರು: "ತಮ್ಮಾ, ಇವರೆಲ್ಲಾ ಯಾಕ ಮುಖದ ತುಂಬ ವಿಭೂತಿ ಬಡ್ಕೊಂಡ ಕುಂತಾರ?"

ಎಲ್ಲರೂ ನಕ್ಕೆವು. ಅನಂತರ ನಾವು ಹೋಗಿ ಅವರ ಪಕ್ಕದಲ್ಲಿ ಕುಳಿತೆವು. ನಗು ನಿಂತುಹೋಯಿತು. ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಎದುರಿನಿಂದ ಕಪ್ಪಗೆ ಕಾಣುವ ಕೋಟು ಅಲ್ಲಿಂದ ಬೂದುಬಣ್ಣ, ಮುಖಗಳ ಮೇಲೆ ಬಿಳಿಯ ಪೊರೆ. ಪೊರೆ ತೆಗೆಸಿಕೊಂಡ ಕಣ್ಣಿಗೆ ನಾವು ಮತ್ತೊಂದು ಪೊರೆಯನ್ನು ಮೂವತ್ತೆಂಟು ಸಾವಿರ ಕೊಟ್ಟು ತಂದಿದ್ದೆವು.

ಇದರ ಕಾರಣವನ್ನು ಅನಂತರ ವಿಚಾರಿಸಿ ತಿಳಿದುಕೊಂಡೆವು. ಇಂದು ಸಾಮಾನ್ಯ ಬೆಲೆಗೆ ದೊರೆಯುವ ಟಿ.ವಿ.ಗಳಲ್ಲಿ ಪರದೆಯ ಹಿಂದೆ ದೀಪ, ಮುಂದೆ ಆ ದೀಪದ ಬೆಳಕನ್ನು ತಡೆದು ಬಿಡುವ ದ್ರವಸ್ಫಟಿಕದ ಹಾಳೆ. ಈ ಹಾಳೆಯಲ್ಲಿ ಮುಖ್ಯವಾಗಿ ಎರಡು ಜಾತಿ. ವಿ.ಎ. ಎಂಬ ಜಾತಿ ಬೆಳಕನ್ನು ಬಿಗಿಯಾಗಿ ತಡೆಯುತ್ತದೆ, ಹಾಗಾಗಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಆದರೆ ಎದುರಿನಿಂದ 20-30 ಡಿಗ್ರಿ ಸರಿದರೆ ಸಾಕು, ಬಣ್ಣ ತೆಳುವಾಗತೊಡಗುತ್ತದೆ. ಐ.ಪಿ.ಎಸ್. ಎಂಬ ಜಾತಿಯಲ್ಲಿ ಕಪ್ಪು ಸ್ವಲ್ಪ ಬೂದು, ಕತ್ತಲೆಯ ಕೋಣೆಯಲ್ಲಿ ಅದು ಎದ್ದು ಕಾಣುತ್ತದೆ. ಆದರೆ ಪಕ್ಕದಿಂದ ನೋಡುವವರಿಗೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ನಾವು ಸಪ್ಪೆಯೆಂದು ಬಿಟ್ಟುಬಂದದ್ದು ಎರಡನೆಯ ಜಾತಿಯದು. ಅಜ್ಜಾರ ಮಂಚ ಪರದೆಗೆ ಸುಮಾರು 45 ಡಿಗ್ರಿ ಓರೆಯಲ್ಲಿದೆ. ಓ.ಎಲ್.ಇ.ಡಿ. ಎಂಬ ಇನ್ನೊಂದು ಬಗೆಯಲ್ಲಿ ಹಿಂದಿನ ದೀಪವೇ ಇಲ್ಲ, ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪೂ ಅಚ್ಚಗಪ್ಪು, ಓರೆಯಿಂದಲೂ ಚೆನ್ನ, ಬೆಲೆ ಮಾತ್ರ ನಮ್ಮಂಥವರ ಎಟುಕಿಗೆ ಮೀರಿದ್ದು. ಹೆಸರು ಹತ್ತಿರವೆಂದು ಕ್ಯೂ.ಎಲ್.ಇ.ಡಿ.ಯನ್ನು ಅದರ ತಮ್ಮನೆಂದು ಭಾವಿಸಬಾರದು. ಅದು ಹಿಂದೆ ದೀಪವಿರುವ ವಂಶದ್ದೇ.

ಅಂಗಡಿಗೆ ದೂರವಾಣಿ ಮಾಡಿದೆವು. ಪೆಟ್ಟಿಗೆ ಒಡೆದು ಕೂಡಿಸಿದ ಟಿ.ವಿ.ಯನ್ನು ಮರಳಿ ಪಡೆಯುವುದಿಲ್ಲವೆಂದರು. ಸಿಟ್ಟಿನಲ್ಲಿ ಕಾನೂನನ್ನು ತಿರುವಿ ಹಾಕಿದೆವು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ಹೇಳಿರದಿದ್ದರೆ ಮೂವತ್ತು ದಿನಗಳೊಳಗೆ, ಮರಳಿ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ಜಿಲ್ಲಾ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. 1915 ಎಂಬ ಸಹಾಯವಾಣಿ ಇದೆ. ಒಡೆದ ಪರದೆ, ಸತ್ತ ಚುಕ್ಕಿ, ಮಾತು ಕೊಟ್ಟ ಮಾದರಿಯ ಬದಲು ಬೇರೆ ಮಾದರಿ, ಇವುಗಳಿಗೆಲ್ಲ ಓದುಗರು ಅವಶ್ಯವಾಗಿ ಆ ದಾರಿ ಹಿಡಿಯಬೇಕು. ಆದರೆ ನಮ್ಮ ಟಿ.ವಿ.ಯಲ್ಲಿ ದೋಷವೆಲ್ಲಿತ್ತು? ಓರೆಯಿಂದ ಮಸುಕಾಗುವುದು ಅದರ ಜಾತಿಗುಣ. ಮೋಸವೆಂಬ ಮಾತು ಪೂರ್ತಿ ಸರಿಯಲ್ಲವೆಂದು ಮೊದಲೇ ಹೇಳಿದ್ದು ಇದಕ್ಕಾಗಿ. ಕೇಳಬೇಕಾದುದನ್ನು ನಾವು ಕೇಳಿರಲಿಲ್ಲ.

ಹದಿನೈದು ದಿನ ಬಿಟ್ಟು ಬೆಳಗಾವಿಗೆ ಬೇರೆ ಕೆಲಸಕ್ಕೆ ಹೋದಾಗ ಮತ್ತೆ ಅದೇ ಅಂಗಡಿ ಹೊಕ್ಕೆವು. ಕೊಳ್ಳಲಿಕ್ಕಲ್ಲ, ನೋಡಲಿಕ್ಕೆ. ಹುಡುಗನಿಂದ ರಿಮೋಟು ಕೇಳಿ ಪಡೆದು ಚಿತ್ರದ ವಿಧಾನವನ್ನು ವಿವಿಡ್‌ನಿಂದ ಸಿನೆಮಾಕ್ಕೆ ಬದಲಿಸಿದೆವು. ನವಿಲಿನ ಹೊಳಪು ಅರ್ಧ ಇಳಿಯಿತು! ಅಂಗಡಿಯ ಪ್ರಖರ ದೀಪಗಳ ನಡುವೆ ಎದ್ದು ಕಾಣಲೆಂದು ಬಣ್ಣವನ್ನೂ ಬೆಳಕನ್ನೂ ಏರಿಸಿ ಇಟ್ಟಿರುತ್ತಾರೆ. ಸಪ್ಪೆಯೆನಿಸಿದ್ದ ಪಕ್ಕದ ಟಿ.ವಿ. ಮೊದಲಿನಿಂದಲೂ ಸಾಧಾರಣ ವಿಧಾನದಲ್ಲಿಯೇ ಇತ್ತು. ಎರಡನ್ನೂ ಒಂದೇ ವಿಧಾನಕ್ಕೆ ತಂದಾಗ ಆರು ಸಾವಿರದ ಅಂತರ ಎಲ್ಲಿಗೆ ಹೋಗಿತ್ತೆಂಬುದು ತಿಳಿಯಿತು. ಬಳಿಕ ಜೇಬಿನಲ್ಲಿದ್ದ ಪೆನ್‌ಡ್ರೈವ್ ಹಾಕಿಸಿದೆವು. ಅದರಲ್ಲಿ ನಮ್ಮದೇ ಮನೆಯ ಮದುವೆಯ ಚಿತ್ರವಿತ್ತು. ನವಿಲಿನ ನಿಜವಾದ ಬಣ್ಣ ನಮಗೇನು ಗೊತ್ತು? ಅಕ್ಕನ ಮುಖದ ಬಣ್ಣ ಗೊತ್ತು. ಅದು ಒಂದರಲ್ಲಿ ಟೊಮ್ಯಾಟೊದಂತೆ, ಒಂದರಲ್ಲಿ ಅಕ್ಕನಂತೆಯೇ ಕಂಡಿತು. ರಾತ್ರಿಯ ಮೆರವಣಿಗೆಯ ಭಾಗದಲ್ಲಿ ಕಪ್ಪು ಕೂದಲೂ ಕಪ್ಪು ಆಕಾಶವೂ ಬೇರೆ ಬೇರೆಯಾಗಿ ಕಾಣುತ್ತವೆಯೇ ನೋಡಿದೆವು. ಅನಂತರ ವಾರ್ತೆ ಹಚ್ಚಿಸಿ ಕೆಳಗೆ ಓಡುವ ಅಕ್ಷರಗಳಿಗೆ ಬಾಲ ಬರುತ್ತದೆಯೇ ಗಮನಿಸಿದೆವು. ಕೊನೆಗೆ ಬಲಕ್ಕೆ ನಾಲ್ಕು ಹೆಜ್ಜೆ ಸರಿದು, ಅಜ್ಜಾರ ಮಂಚ ಇರುವ ಓರೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತೆವು. "ಕಾಕಾ, ಹಿಂಗ ನೋಡಾವ್ರು ಯಾರೂ ಇಲ್ರಿ" ಎಂದ ಹುಡುಗ. ನಾವೂ ಮೊದಲ ಸಲ ಹಾಗೆ ನೋಡಿರಲಿಲ್ಲ.

ಚಾನೆಲ್ಲುಗಳ ವಿಷಯವಾಗಿ ಒಂದು ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. 4ಕೆ ಪರದೆಯಲ್ಲಿ ಅಡ್ಡಲಾಗಿ 3840, ಉದ್ದಕ್ಕೆ 2160, ಒಟ್ಟು 82,94,400 ಚುಕ್ಕಿಗಳು. ಎಚ್.ಡಿ. ಅಲ್ಲದ ಸಾದಾ ಚಾನೆಲ್ಲಿನ ಚಿತ್ರದಲ್ಲಿ ಹೆಚ್ಚೆಂದರೆ 720 ಮತ್ತು 576ರ ಗುಣಲಬ್ಧ, ಅಂದರೆ 4,14,720. ಸರಿಯಾಗಿ ಇಪ್ಪತ್ತರಲ್ಲಿ ಒಂದು ಪಾಲು. ಉಳಿದ ಹತ್ತೊಂಬತ್ತು ಪಾಲನ್ನು ಟಿ.ವಿ. ತನ್ನ ಊಹೆಯಿಂದ ತುಂಬಬೇಕು. ಅಗ್ಗದ ಟಿ.ವಿ. ಊಹಿಸುವುದರಲ್ಲಿ ದಡ್ಡ, ಆದುದರಿಂದಲೇ ಅಂಗಡಿಯಲ್ಲಿ ಕನ್ನಡಿಯಂತಿದ್ದ ಚಿತ್ರ ಮನೆಯಲ್ಲಿ ನೀರಿನಲ್ಲಿ ನೆನೆದ ಕಾಗದದಂತೆ ಕಾಣುತ್ತದೆ. ಅಂತರ್ಜಾಲದಿಂದ 4ಕೆ ಚಿತ್ರ ತರಿಸುತ್ತೇವೆಂದರೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ವೇಗ ಎಡೆಬಿಡದೆ ಬರಬೇಕು. ಬೆಳಗಾವಿಯ ಟಿಳಕವಾಡಿಯಲ್ಲಿ ಅದು ಸುಲಭ; ಜಾಂಬೋಟಿ, ಕಣಕುಂಬಿಯ ಕಾಡಂಚಿನ ಮನೆಯವರು ಮೊದಲು ತಮ್ಮ ಮೊಬೈಲಿನಲ್ಲಿ ವೇಗ ಅಳೆದು ನೋಡಲಿ. ತಟ್ಟೆ ಆಂಟೆನಾದ ಸಂಕೇತವನ್ನು ಜಡಿಮಳೆ ಹೀರಿಕೊಳ್ಳುತ್ತದೆ, ಆಷಾಢದಲ್ಲಿ ಅದು ಯಾವ ಬೆಲೆಯ ಟಿ.ವಿ.ಯನ್ನೂ ಬಿಡುವುದಿಲ್ಲ.

ಗಾತ್ರದ ಬಗ್ಗೆ ಬಹಳ ಹೇಳುವುದಿಲ್ಲ. 55 ಅಂಗುಲವೆಂಬುದು ಮೂಲೆಯಿಂದ ಮೂಲೆಗೆ. ಅಗಲ ನಾಲ್ಕು ಅಡಿ, ಎತ್ತರ ಎರಡೂಕಾಲು ಅಡಿ. ಏಳು ಅಡಿ ದೂರ ಕುಳಿತರೆ ಸಾಕು. ಹತ್ತಾರು ಸಾವಿರ ಅಪ್ಲಿಕೇಶನ್ನುಗಳ ಮಾತಿಗೂ, ಡಬ್ಬಿಯ ಮೇಲಿನ ಎಚ್.ಡಿ.ಆರ್. ಎಂಬ ಮುದ್ರೆಗೂ ಮರುಳಾಗಬಾರದು. ಬೆಳಕಿನ ಬಲವಿಲ್ಲದ ಪರದೆಯಲ್ಲಿ ಆ ಮುದ್ರೆ ಬರಿಯ ಮುದ್ರೆ. ಟಿ.ವಿ. ಮನೆಗೆ ಬಂದಾಗ ಪೆಟ್ಟಿಗೆ ಒಡೆದು, ಹಚ್ಚಿ ನೋಡಿ, ಆಮೇಲೆ ಸಹಿ ಮಾಡಬೇಕು.

ಈಗ ಅಕ್ಕನ ಮನೆಯಲ್ಲಿ ಬಡಿಗ ಬಂದು ಸಾಗವಾನಿ ಮೇಜನ್ನು ಮಂಚದ ಕಡೆಗೆ ಓರೆಯಾಗಿ ತಿರುಗಿಸಿ ಇಟ್ಟು, ಕಾಲಿಗೆ ಕಟ್ಟಿಗೆಯ ಬೆಣೆ ಹೊಡೆದು ಹೋಗಿದ್ದಾನೆ. ಕಿಟಕಿಯ ಬಿಸಿಲು ಪರದೆಗೆ ಬೀಳದಂತೆ ಅರ್ಧ ಪರದೆಯ ಬಟ್ಟೆ ಕಟ್ಟಿದೆ. ಓಣಿ ಕಾಣುವ ಅರ್ಧವನ್ನು ಹಾಗೆಯೇ ಬಿಟ್ಟಿದೆ. ಅಜ್ಜಾರಿಗೆ ಮುಖಗಳು ಗುರುತು ಸಿಗುತ್ತಿವೆ. ಹೋದ ವಾರ ನಾವು ಹೋದಾಗ ಅಕ್ಕ ಎಂದಿನಂತೆ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ರೊಟ್ಟಿಯ ಹಿಟ್ಟು ನಾದುತ್ತ ಧಾರಾವಾಹಿ ನೋಡುತ್ತಿದ್ದಳು. ಚಿತ್ರ ಹೇಗೆ ಕಾಣುತ್ತದೆಂದು ಕೇಳಿದೆವು. "ಈಗ ವಿಭೂತಿ ನನ್ನ ಪಾಲಿಗಿ ಬಂತಪಾ ತಮ್ಮಾ. ಇರಲಿ, ನಾ ಹೆಂಗೂ ಕೇಳೂದ ಹೆಚ್ಚ" ಎಂದು ಹಿಟ್ಟಿನ ಕಡೆ ತಿರುಗಿದಳು.