ಪ್ರಾರ್ಥನೆಯ ಅಧಿಕಾರ, ಅವ್ವನ ಇನ್ಸುಲಿನ್

ಹೋದ ವರ್ಷ ಜುಲೈ ತಿಂಗಳ ಒಂದು ರಾತ್ರಿ. ಐರೋಲಿಯ ಆಫೀಸಿನಿಂದ ಠಾಣೆಗೆ ಬಂದು, ಅಲ್ಲಿ ಲೋಕಲ್ ಬದಲಿಸಿ ಡೊಂಬಿವಲಿಯ ಮನೆ ಸೇರುವಾಗ ಒಂಬತ್ತೂವರೆ ಆಗಿತ್ತು. ಒದ್ದೆ ಶೂ ಬಿಚ್ಚುತ್ತಿರುವಾಗಲೇ ಬೀದರಿನಿಂದ ಅವ್ವನ ಫೋನ್. "ಲಿಂಕ್ ಕಳ್ಸೀನಿ, ಕೂಡ್ಕೋ. ಇವತ್ತು ನನ್ನ ಸಲುವಾಗಿ ಪ್ರಾರ್ಥನಾ ಅದ."

ಅದು ಆನ್‌ಲೈನ್ ಪ್ರಾರ್ಥನಾ ಕೂಟ. ನಲವತ್ತರಷ್ಟು ಜನ ಇದ್ದರು. ಮುಂದಾಳು ಯಾರೆಂದು ನಾನು ಹೇಳುವುದಿಲ್ಲ, ಅದು ಈ ಬರಹಕ್ಕೆ ಬೇಕಾಗಿಯೂ ಇಲ್ಲ. ಅವರು ದೇವರಲ್ಲಿ ಏನನ್ನೂ ಬೇಡಲಿಲ್ಲ. ನೇರವಾಗಿ ಕಾಯಿಲೆಯ ಜತೆಗೇ ಮಾತಾಡಿದರು. "ಸಕ್ಕರೆ ಕಾಯಿಲೆಯೇ, ಯೇಸುವಿನ ನಾಮದಲ್ಲಿ ನಿನಗೆ ಆಜ್ಞಾಪಿಸುತ್ತೇನೆ, ಈ ಶರೀರ ಬಿಟ್ಟು ಹೋಗು" ಎಂದರು. ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ದಿನವಿಡೀ ಇನ್ನೊಬ್ಬರ ಮಾತು ಕೇಳಿ ದಣಿದು ಬಂದವನಿಗೆ, ಯಾವುದೋ ಒಂದಕ್ಕೆ ಆಜ್ಞೆ ಕೊಡುವ ಮಾತಿಗೆ ದನಿಗೂಡಿಸುವುದು ಹಿತವಾಗಿಯೇ ಇತ್ತು.

ಕೊನೆಗೆ ಅವರು ಅವ್ವನಿಗೆ ಹೇಳಿದರು: ಬಿಡುಗಡೆ ಆಗಿದೆ, ಇನ್ನು ಮೇಲೆ ಸೂಜಿ ಚುಚ್ಚಿಕೊಂಡರೆ ನಂಬಲಿಲ್ಲ ಎಂದರ್ಥ. ನಾನಾಗ ಮ್ಯೂಟ್ ಮಾಡಿ ಊಟಕ್ಕೆ ಕೂತಿದ್ದೆ. ಆ ಮಾತು ನಿನಗೆ ಕೇಳಿಸಿತೇ ಎಂದು ಯಾರಾದರೂ ಕೇಳಿದರೆ, ಕೇಳಿಸಿತ್ತು ಎಂದೇ ಹೇಳಬೇಕು.

ಹನ್ನೊಂದು ದಿನದ ಮೇಲೆ ಭಾಲ್ಕಿಯಿಂದ ತಂಗಿ ಅವ್ವನನ್ನು ನೋಡಲು ಹೋದಳು. ಅಲ್ಲಿಂದಲೇ ಫೋನ್ ಮಾಡಿದಳು. "ಮೀಟರಿನ್ಯಾಗ ಹಾಯ್ ಅಂತ ಬರ್ಲತ್ತದ ಅಣ್ಣಾ, ನಂಬರೇ ಇಲ್ಲ." ಅದು ಹಾಯ್ ಅಲ್ಲ, ಹೈ. ರಕ್ತದ ಸಕ್ಕರೆ ಸುಮಾರು 600 ದಾಟಿದರೆ ಎಷ್ಟೋ ಗ್ಲುಕೋಮೀಟರುಗಳು ಸಂಖ್ಯೆ ತೋರಿಸುವುದನ್ನು ಬಿಟ್ಟು ಆ ಎರಡು ಇಂಗ್ಲಿಷ್ ಅಕ್ಷರ ತೋರಿಸುತ್ತವೆ. ಅವ್ವ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆ ರಾತ್ರಿ ಸಿಕ್ಕ ರೈಲು ಹತ್ತಿ ಹೊರಟೆ. ಐದು ದಿನ ಐಸಿಯುನಲ್ಲಿದ್ದು ಅವ್ವ ಉಳಿದಳು.

ಇದನ್ನು ಓದುತ್ತಿರುವ ಬಹಳ ಮಂದಿಗೆ ಕ್ರೈಸ್ತರ ಪ್ರಾರ್ಥನೆಯ ಒಳಗಿನ ಈ 'ಅಧಿಕಾರ'ದ ಮಾತು ಹೊಸದಿರಬಹುದು. ಮುಂಬೈ ಬೇಡುವವರ ಊರು. ಮಂಗಳವಾರ ಸಿದ್ಧಿವಿನಾಯಕನ ಸಾಲು, ಬುಧವಾರ ಮಾಹಿಮ್ ಚರ್ಚಿನ ನೊವೆನಾ, ಗುರುವಾರ ಶುಕ್ರವಾರ ಹಾಜಿ ಅಲಿ ದರ್ಗಾದ ದಾರಿ. ಬಾಂದ್ರಾದ ಮೌಂಟ್ ಮೇರಿ ಗುಡ್ಡದಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮನೆ ಮಾರುತ್ತಾರೆ. ಯಾವ ಅಂಗಕ್ಕೆ ನೋವೋ ಅದನ್ನು ತಾಯಿಗೆ ಒಪ್ಪಿಸುವುದು ಅಲ್ಲಿಯ ರೂಢಿ. ಸೆಪ್ಟೆಂಬರ್ ಜಾತ್ರೆಯಲ್ಲಿ ಆ ಸಾಲಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಇವೆಲ್ಲವೂ ಬೇಡಿಕೆಗಳು. ಆದರೆ ನಮ್ಮಲ್ಲಿ ಕೆಲವು ಸಭೆಗಳು ಹೇಳುವುದೇ ಬೇರೆ: ದೇವರು ವಿಶ್ವಾಸಿಗೆ ತನ್ನ ಅಧಿಕಾರವನ್ನೇ ಕೊಟ್ಟಿದ್ದಾನೆ, ಬೇಡುತ್ತ ಕೂರಬೇಡ, ಅಧಿಕಾರ ಚಲಾಯಿಸು.

ಇದಕ್ಕೆ ಬೈಬಲಿನಲ್ಲಿ ಆಧಾರ ಇಲ್ಲವೆಂದು ನಾನು ಹೇಳುವುದಿಲ್ಲ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಎಪ್ಪತ್ತು ಮಂದಿಯನ್ನು ಊರೂರಿಗೆ ಕಳಿಸುತ್ತಾನೆ. ದೆವ್ವಗಳೂ ನಮ್ಮ ಮಾತು ಕೇಳಿದವು ಎಂದು ಅವರು ಹಿಗ್ಗಿ ಬರುತ್ತಾರೆ. ಹಾವು ಚೇಳುಗಳನ್ನು ತುಳಿಯುವ ಅಧಿಕಾರ ಕೊಟ್ಟಿದ್ದೇನೆ ಎಂದು ಆತನೂ ಹೇಳುತ್ತಾನೆ. ಮುಂದಾಳುಗಳು ಅಲ್ಲಿಗೆ ಓದು ನಿಲ್ಲಿಸುತ್ತಾರೆ. ಮುಂದಿನ ಮಾತಿನಲ್ಲಿ ಯೇಸು, ದೆವ್ವಗಳು ನಿಮಗೆ ಅಧೀನವಾದವೆಂದು ಹಿಗ್ಗಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿರುವುದಕ್ಕೆ ಸಂತೋಷಪಡಿ ಎಂದು ತಿದ್ದುತ್ತಾನೆ. ಅಧಿಕಾರವನ್ನು ಕೊಟ್ಟವನೇ ಅದರ ಅಮಲಿನ ಬಗ್ಗೆಯೂ ಎಚ್ಚರಿಸಿದ್ದಾನೆ.

ಹಾಗಂತ ಈ ಬೋಧನೆಯನ್ನು ಮೂಢನಂಬಿಕೆ ಎಂದು ಒಂದೇ ಏಟಿಗೆ ಎಸೆಯಲು ನನ್ನಿಂದಾಗದು. ನನ್ನ ಮುತ್ಯಾ ನಿಜಾಮನ ಕಾಲದಲ್ಲಿ ಹುಟ್ಟಿದವರು. ನಮ್ಮದು ಊರ ಹೊರಗಿನ ಕೇರಿ. ಗೌಡರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದ ಮನುಷ್ಯ, ಸಂಜೆ ಮೆಥಡಿಸ್ಟ್ ಸಭೆಯಲ್ಲಿ ಎದ್ದು ಪ್ರಾರ್ಥಿಸುವಾಗ ಬೆನ್ನು ನೆಟ್ಟಗೆ ಮಾಡುತ್ತಿದ್ದರಂತೆ. ದೇವರ ಮುಂದೆ ನಿನಗೂ ಒಂದು ಅಧಿಕಾರ ಇದೆ ಎಂಬ ಮಾತು ಅಂಥವರ ಕಿವಿಗೆ ಏನಾಗಿ ಕೇಳಿಸಿತ್ತೆಂದು ಊಹಿಸಿ. ಬೀದರ್, ಕಲಬುರಗಿ ಕಡೆಯ ಎಷ್ಟೋ ಕ್ರೈಸ್ತ ಕುಟುಂಬಗಳ ಕಥೆ ಇದು. ನಾನು ಕಲಬುರಗಿಯಲ್ಲಿ ಎಂ.ಟೆಕ್ ಮುಗಿಸಿ ಈ ಊರಿಗೆ ಬಂದು ಸಂದರ್ಶನದಲ್ಲಿ ತಲೆಯೆತ್ತಿ ಮಾತಾಡಿದ್ದರ ಹಿಂದೆ ಆ ನೆಟ್ಟಗಿನ ಬೆನ್ನೂ ಇದೆ. ಅದನ್ನು ಕಳೆದುಕೊಳ್ಳಲು ನಾನು ತಯಾರಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ? ನನ್ನ ಕೆಲಸವೇ ಇದನ್ನು ನನಗೆ ಬಿಡಿಸಿ ಹೇಳಿತು.

ನಾವು ಕೆಲಸ ಮಾಡುವ ಕಡೆ ಪ್ರೊಡಕ್ಷನ್ ಸರ್ವರಿನ ಮೇಲೆ ಯಾವ ಎಂಜಿನಿಯರಿಗೂ ಕಾಯಂ ಹಕ್ಕಿಲ್ಲ. ನಡುರಾತ್ರಿ ಏನಾದರೂ ಕೆಟ್ಟರೆ ಆ್ಯಕ್ಸೆಸ್ ಕೇಳಬೇಕು. ಕೊಟ್ಟರೂ ಇಂತಿಷ್ಟು ಗಂಟೆಗೆ, ಇಂಥದೇ ಕೆಲಸಕ್ಕೆ. ಟೈಪ್ ಮಾಡಿದ ಒಂದೊಂದು ಸಾಲೂ ಲಾಗ್ ಆಗುತ್ತದೆ. ಆ ಎರಡು ಗಂಟೆ ನನ್ನ ಮಾತನ್ನು ಸರ್ವರ್ ಕೇಳುತ್ತದೆ ನಿಜ, ಆದರೆ ಕೇಳುವುದು ನನ್ನ ದನಿ ಜೋರಾಗಿದೆ ಎಂದಲ್ಲ. ನಾನು ಯಾರ ಪರವಾಗಿ ಕೆಲಸ ಮಾಡುತ್ತಿದ್ದೇನೋ ಅವರ ಒಪ್ಪಿಗೆ ಇದೆ ಎಂದು. ಆ ಒಪ್ಪಿಗೆಯ ಮಿತಿ ಮೀರಿ ಏನಾದರೂ ಅಳಿಸಿದರೆ, ಅಧಿಕಾರ ಇತ್ತಲ್ಲ ಎಂಬ ಸಬೂಬು ಯಾರೂ ಕೇಳುವುದಿಲ್ಲ.

ಮತ್ತಾಯನ ಸುವಾರ್ತೆಯ 8ನೇ ಅಧ್ಯಾಯದ ಶತಾಧಿಪತಿ ಇದನ್ನು ಎರಡು ಸಾವಿರ ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡಿದ್ದ. ಕಪೆರ್ನೌಮಿನ ಆ ರೋಮನ್ ಸೇನಾಧಿಕಾರಿಯ ಆಳು ಹಾಸಿಗೆ ಹಿಡಿದಿದ್ದ. ನೀನು ಮನೆಗೆ ಬರುವುದೇ ಬೇಡ, ಒಂದು ಮಾತು ಹೇಳಿದರೆ ಸಾಕು ಎಂದು ಅವನು ಯೇಸುವಿಗೆ ಹೇಳುತ್ತಾನೆ. ಕೊಟ್ಟ ಕಾರಣ ಗಮನಿಸಿ. ನನ್ನ ಕೈಕೆಳಗೆ ಸಿಪಾಯಿಗಳಿದ್ದಾರೆ ಎನ್ನುವ ಮೊದಲು, ನಾನೂ ಇನ್ನೊಬ್ಬರ ಅಧಿಕಾರದ ಕೆಳಗಿರುವವನು ಎನ್ನುತ್ತಾನೆ. ಅಧೀನನಾದವನಿಗೆ ಮಾತ್ರ ಅಧಿಕಾರ. ಆ ಇಡೀ ಪ್ರಸಂಗದಲ್ಲಿ ಅವನು ರೋಗಕ್ಕೆ ಒಂದು ಮಾತೂ ಆಡುವುದಿಲ್ಲ. ತನ್ನ ಆಳಿಗಾಗಿ ಬೇಡಿಕೊಳ್ಳುತ್ತಾನೆ, ಅಷ್ಟೇ.

ಇದಕ್ಕೆ ವಿರುದ್ಧವಾದ ಉದಾಹರಣೆ ಅಪೊಸ್ತಲರ ಕೃತ್ಯಗಳು ಪುಸ್ತಕದ 19ನೇ ಅಧ್ಯಾಯದಲ್ಲಿದೆ. ಎಫೆಸದಲ್ಲಿ ಸ್ಕೇವನ ಏಳು ಮಂದಿ ಮಕ್ಕಳು ಪೌಲನನ್ನು ನೋಡಿ, ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಿ ದೆವ್ವ ಬಿಡಿಸಲು ಹೋದರು. ಯೇಸು ಗೊತ್ತು, ಪೌಲನೂ ಗೊತ್ತು, ನೀವು ಯಾರು ಎಂದು ದೆವ್ವವೇ ಕೇಳಿತು. ಗಾಯಗೊಂಡು ಬೆತ್ತಲೆ ಓಡಿದರು. ಬೇರೆಯವರ ಪಾಸ್‌ವರ್ಡ್ ಹಾಕಿ ಒಳಗೆ ಹೋದವರ ಗತಿ.

ಇನ್ನು ಅದೇ ಪೌಲನನ್ನು ನೋಡಿ. ಅವನ ಕೈಯಿಂದ ಎಷ್ಟೋ ಮಂದಿ ಗುಣವಾದರೆಂದು ಓದುತ್ತೇವೆ. ಆದರೆ ತನ್ನ ಶರೀರದಲ್ಲಿದ್ದ ಒಂದು ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಇದ್ದಾಗ ಹೊಟ್ಟೆಗೆ ಆಜ್ಞೆ ಕೊಡಲಿಲ್ಲ, ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಕಾಗದ ಬರೆದ. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಅವರಲ್ಲಿ ಯಾರಿಗೂ ನಂಬಿಕೆ ಕಡಿಮೆ ಎಂದು ಅವನು ಬರೆದಿಲ್ಲ. ಅವನ ಜತೆಗಿದ್ದ ಲೂಕನಂತೂ ವೈದ್ಯ. ಅಧಿಕಾರದ ಬಗ್ಗೆ ಬರೆದ ಸುವಾರ್ತಿಕನೇ ವೈದ್ಯನಾಗಿದ್ದ ಎಂಬುದನ್ನು ನಮ್ಮ ಕೂಟಗಳು ಯಾಕೆ ನೆನೆಯುವುದಿಲ್ಲವೋ ಕಾಣೆ.

ಕರ್ನಾಟಕದ ಕ್ರೈಸ್ತರಿಗೆ ಇದು ಹೊಸ ಪಾಠವೂ ಅಲ್ಲ. ನಮ್ಮ ಹಿಂದಿನವರು ಚರ್ಚಿನ ಪಕ್ಕದಲ್ಲೇ ಆಸ್ಪತ್ರೆ ಕಟ್ಟಿದರು. ಮೈಸೂರಿನಲ್ಲಿ ಇಂದಿಗೂ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಶುರುವಾದದ್ದು. ಕೋಲಾರ, ಗದಗ-ಬೆಟಗೇರಿ, ಬೀದರ್ ಎಲ್ಲ ಕಡೆ ಇದೇ ಕಥೆ. ಪ್ರಾರ್ಥನೆ ಒಂದು ಕಡೆ, ಔಷಧಿ ಇನ್ನೊಂದು ಕಡೆ ಎಂದು ಅವರು ಗೋಡೆ ಎಬ್ಬಿಸಲಿಲ್ಲ.

ಅವ್ವ ಬಿಟ್ಟ ಆ ಇನ್ಸುಲಿನ್ನಿನ ಕಥೆಯನ್ನೂ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಓದಿದೆ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ಅದಕ್ಕೂ ಮುಂಚೆ ಅಂಥ ಮಕ್ಕಳಿಗೆ ಉಪವಾಸದಂಥ ಪಥ್ಯವೇ ಚಿಕಿತ್ಸೆ, ಸಾವು ಖಚಿತ. ಮರುವರ್ಷ ಅದರ ಪೇಟೆಂಟನ್ನು ಬ್ಯಾಂಟಿಂಗ್ ಮತ್ತು ಜತೆಗಾರರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಕೈಯಲ್ಲಿದ್ದ ಅಧಿಕಾರವನ್ನು ಇನ್ನೊಬ್ಬರ ಜೀವಕ್ಕಾಗಿ ಬಿಟ್ಟುಕೊಟ್ಟವರು. ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂದ ಯೇಸುವಿನ ಮಾತಿಗೆ ಇದಕ್ಕಿಂತ ಹತ್ತಿರದ ಕೆಲಸ ಯಾವುದಿದೆ?

ಕಾನೂನೂ ಸುಮ್ಮನಿಲ್ಲ. ಸಕ್ಕರೆ ಕಾಯಿಲೆಯೂ ಸೇರಿದಂತೆ ಹಲವು ಕಾಯಿಲೆಗಳನ್ನು ಮಂತ್ರ, ತಾಯತದಿಂದ ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಡಾ. ನರೇಂದ್ರ ದಾಭೋಲ್ಕರ್ ಅವರ ಕೊಲೆಯಾಯಿತು. ಅವರು ವರ್ಷಗಟ್ಟಲೆ ಹೋರಾಡಿದ ಕಾಯ್ದೆ ಅದೇ ವರ್ಷ ಮಹಾರಾಷ್ಟ್ರದಲ್ಲಿ ಬಂತು. ಕರ್ನಾಟಕ 2017ರಲ್ಲಿ ತನ್ನದೇ ಕಾಯ್ದೆ ಮಾಡಿತು. ಹಾವು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಮಹಾರಾಷ್ಟ್ರದ ಕಾಯ್ದೆಯ ಪ್ರಕಾರ ಅಪರಾಧ. ಪ್ರಾರ್ಥನೆ ಅಪರಾಧವಲ್ಲ. ಚಿಕಿತ್ಸೆ ತಪ್ಪಿಸುವುದು ಅಪರಾಧ. ಸಭೆಗಳು ಈ ಗೆರೆಯನ್ನು ಪೊಲೀಸರು ಬಂದು ಎಳೆಯಲಿ ಎಂದು ಕಾಯಬಾರದು, ತಾವೇ ಎಳೆದುಕೊಳ್ಳಬೇಕು. ಯಾರಿಗೂ ಔಷಧಿ ನಿಲ್ಲಿಸು ಎಂದು ವೇದಿಕೆಯಿಂದ ಹೇಳಕೂಡದು. ಗುಣವಾಗದಿದ್ದರೆ ತಪ್ಪನ್ನು ರೋಗಿಯ ನಂಬಿಕೆಯ ಮೇಲೆ ಹೊರಿಸಕೂಡದು. ಗುಣವಾಯಿತೆಂದು ಸಾಕ್ಷಿ ಹೇಳಿಸುವ ಮೊದಲು ವೈದ್ಯರ ಚೀಟಿ ನೋಡಬೇಕು. ಇಷ್ಟನ್ನು ಪಾಲಿಸಿದರೆ ಪ್ರಾರ್ಥನೆಯ ಬಲವೇನೂ ಕುಗ್ಗುವುದಿಲ್ಲ.

ಇಷ್ಟು ಬರೆದ ಮೇಲೆ ಕಷ್ಟದ ಮಾತೊಂದು ಉಳಿದಿದೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಿಟ್ಟಿನಲ್ಲಿ ಅವ್ವನಿಗೆ ಕೇಳಿದೆ: ಅವರ ಮಾತು ಯಾಕೆ ಕೇಳಿದೆ, ನನ್ನನ್ನು ಒಂದು ಸಲ ಕೇಳಬಾರದಿತ್ತಾ? ಅವ್ವ ಗೋಡೆ ನೋಡುತ್ತ ಹೇಳಿದಳು, "ಅವ್ರು ದಿನಾ ಮುಂಜಾನೆ ಆರಕ್ಕ ಫೋನ್ ಮಾಡ್ತಾರಪ್ಪ. ನೀ ಐತವಾರಕ್ಕೊಮ್ಮೆ ಮಾಡ್ತಿ."

ನನ್ನ ಬಳಿ ಉತ್ತರ ಇರಲಿಲ್ಲ. ಗಂಡ ತೀರಿಕೊಂಡು, ಮಕ್ಕಳು ಊರು ಬಿಟ್ಟ 61 ವರ್ಷದ ಹೆಂಗಸಿಗೆ ದಿನಾ ಹೆಸರಿಡಿದು ಕರೆದು, ನಿನ್ನಲ್ಲಿ ಶಕ್ತಿ ಇದೆ ಎಂದು ಹೇಳುವವರು ಸಿಕ್ಕಿದ್ದರು. ಆ ಅಧಿಕಾರವನ್ನು ಅವರಿಗೆ ಕೊಟ್ಟದ್ದು ದೇವರೋ ಅಲ್ಲವೋ, ನನ್ನ ಗೈರುಹಾಜರಿಯಂತೂ ಕೊಟ್ಟಿತ್ತು. ನಮ್ಮಲ್ಲಿ ಹಿಂದೂಗಳಿರಲಿ, ಮುಸ್ಲಿಮರಿರಲಿ, ಕ್ರೈಸ್ತರಿರಲಿ, ಹೊರರಾಜ್ಯದಲ್ಲಿ ದುಡಿಯುವ ಎಲ್ಲರ ತಂದೆತಾಯಿಯ ಫೋನಿನೊಳಗೂ ಇಂಥ ಒಂದು ದನಿ ಬಂದು ಕೂತಿರುತ್ತದೆ. ಎಲ್ಲೋ ಒಬ್ಬ ಬಾಬಾ, ಎಲ್ಲೋ ಒಂದು ಕಷಾಯದ ವಿಡಿಯೊ. ನಾವು ಹಣ ಕಳಿಸಿ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೇವೆ.

ಈಗ ದಿನಾ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಡೊಂಬಿವಲಿ ಪ್ಲಾಟ್‌ಫಾರ್ಮಿನಿಂದ ಫೋನ್ ಮಾಡುತ್ತೇನೆ. ಅವ್ವ ಮೊದಲು ಮೀಟರಿನ ನಂಬರು ಹೇಳುತ್ತಾಳೆ. ಆಮೇಲೆ ಸೂಜಿ. ಆಮೇಲೆ ಇಬ್ಬರೂ ಎರಡು ನಿಮಿಷ ಪ್ರಾರ್ಥಿಸುತ್ತೇವೆ. ಗದ್ದಲದಲ್ಲಿ ಅರ್ಧ ಕೇಳಿಸುವುದಿಲ್ಲ. ಭಯ ಬಂದ ದಿನ ನಾನು ಭಯಕ್ಕೆ ಹೋಗು ಎಂದು ಈಗಲೂ ಹೇಳುತ್ತೇನೆ, ಅದು ನನ್ನ ಪಾಲಿಗೆ ಬಂದ ಅಧಿಕಾರ ಎಂದೇ ನಂಬಿದ್ದೇನೆ. ಅವ್ವನ ದೇಹದ ವಿಷಯ ಬಂದಾಗ ಮಾತ್ರ, ಗೆತ್ಸೆಮನೆ ತೋಟದಲ್ಲಿ ಯೇಸು ಮಾಡಿದಂತೆ, ನಿನ್ನ ಚಿತ್ತ ಎಂದು ಬೇಡಿಕೊಳ್ಳುತ್ತೇನೆ. ಮೊನ್ನೆ ನಂಬರು 142 ಇತ್ತು.