ನಿದ್ದೆಯಲ್ಲೂ ಕಾಯುವ ಹಿಮ್ಮೆದುಳು

ರಾತ್ರಿ ನೀವು ಗಾಢ ನಿದ್ದೆಯಲ್ಲಿರುವಾಗ ಉಸಿರಾಟ ನಿಲ್ಲದಂತೆ ನೋಡಿಕೊಳ್ಳುವವರು ಯಾರು? ಸೈಕಲ್ ತುಳಿಯುವಾಗ ವಾಲದಂತೆ ಕಾಪಾಡುವವರು ಯಾರು? ಎರಡಕ್ಕೂ ಉತ್ತರ ತಲೆಯ ಹಿಂಬದಿಯಲ್ಲಿ, ಕತ್ತಿಗೆ ತುಸು ಮೇಲೆ ಇದೆ. ಅದೇ ಹಿಮ್ಮೆದುಳು. ಮೆಡುಲ್ಲಾ, ಪಾನ್ಸ್ ಮತ್ತು ಅನುಮಸ್ತಿಷ್ಕ ಎಂಬ ಅದರ ಮೂರು ಭಾಗಗಳನ್ನು ಹೈಸ್ಕೂಲಿನ ಮಕ್ಕಳು ಚಿತ್ರ ಬರೆದು ಗುರುತಿಸುತ್ತಾರೆ. ಅದು ತಾಯಿಯ ಗರ್ಭದಲ್ಲಿ ರೂಪುಗೊಳ್ಳುವ ಬಗೆ ಚಿತ್ರಕ್ಕಿಂತ ಸ್ವಾರಸ್ಯಕರ.

ಗರ್ಭ ಕಟ್ಟಿದ ಮೂರನೆಯ ವಾರದಲ್ಲಿ ಭ್ರೂಣದ ಬೆನ್ನಿನ ಉದ್ದಕ್ಕೂ ಜೀವಕೋಶಗಳ ಪದರವೊಂದು ದಪ್ಪವಾಗುತ್ತದೆ. ಅದರ ಎರಡೂ ಅಂಚುಗಳು ಮೇಲೆದ್ದು, ಎಲೆ ಸುರುಳಿ ಸುತ್ತಿದಂತೆ ಒಂದನ್ನೊಂದು ಕೂಡಿ ಕೊಳವೆಯಾಗುತ್ತದೆ. ಇದೇ ನರಕೊಳವೆ. ಸುಮಾರು 28ನೆಯ ದಿನದ ಹೊತ್ತಿಗೆ ಅದರ ಎರಡೂ ತುದಿಗಳು ಮುಚ್ಚಿಕೊಳ್ಳುತ್ತವೆ. ಮುಂಭಾಗದಲ್ಲಿ ಮೂರು ಉಬ್ಬುಗಳು ಮೂಡುತ್ತವೆ. ಮೂರನೆಯದು ಹಿಮ್ಮೆದುಳು, ಅದರ ಹಿಂದಿನ ಕೊಳವೆಯೇ ಬೆನ್ನುಹುರಿ.

ಈ ಮೂರನೆಯ ಉಬ್ಬಿನಲ್ಲಿ ಕೆಲವು ದಿನಗಳ ಮಟ್ಟಿಗೆ ಬಿದಿರಿನ ಗೆಣ್ಣುಗಳಂತಹ ಏಳೆಂಟು ಭಾಗಗಳು ಕಾಣಿಸಿ, ಬಳಿಕ ಮಾಯವಾಗುತ್ತವೆ. 1989ರಲ್ಲಿ ಆಂಡ್ರೂ ಲಮ್ಸ್‌ಡೆನ್ ಮತ್ತು ರೋಜರ್ ಕೀನ್ಸ್ ಎಂಬ ವಿಜ್ಞಾನಿಗಳು ಕೋಳಿಯ ಭ್ರೂಣದಲ್ಲಿ ಇವು ಬರಿಯ ಮಡಿಕೆಗಳಲ್ಲ, ನರಕೋಶಗಳು ಈ ಭಾಗಗಳಿಗೆ ತಕ್ಕಂತೆಯೇ ಹುಟ್ಟುತ್ತವೆ ಎಂದು ತೋರಿಸಿದರು. ಯಾವ ಭಾಗ ಏನಾಗಬೇಕೆಂದು ಹೇಳುವುದು ಹಾಕ್ಸ್ ಎಂಬ ವಂಶವಾಹಿಗಳು. ಬಾಳೆಹಣ್ಣಿನ ಮೇಲೆ ಹಾರಾಡುವ ಹಣ್ಣುನೊಣದ ದೇಹಕ್ಕೆ ಕ್ರಮ ಹಾಕಿಕೊಡುವುದೂ ಇದೇ ವಂಶವಾಹಿ ಕುಟುಂಬ! ನೊಣದಲ್ಲಿ ಇವುಗಳನ್ನು ಅಭ್ಯಸಿಸಿದ ಎಡ್ವರ್ಡ್ ಲೂಯಿಸ್ 1995ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಹಾಗಾದರೆ ನೊಣ, ಕೋಳಿ, ಇಲಿಗಳನ್ನು ನೋಡಿದರೆ ಮನುಷ್ಯನನ್ನು ಅರಿತಂತಾಯಿತೇ? ಪೂರ್ತಿ ಇಲ್ಲ. 2009ರ ಎಣಿಕೆಯಂತೆ ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು 6,900 ಕೋಟಿ ಇರುವುದು, ತೂಕದಲ್ಲಿ ಹತ್ತನೆಯ ಒಂದು ಪಾಲಷ್ಟೇ ಆದ ಅನುಮಸ್ತಿಷ್ಕದಲ್ಲಿ. ಇವುಗಳ ಬಹುಪಾಲು ಹುಟ್ಟುವುದು ಹಿಮ್ಮೆದುಳಿನ ಅಂಚಿನ ತುಟಿಯಂತಹ ಒಂದು ಪಟ್ಟಿಯಿಂದ. ಮನುಷ್ಯನಲ್ಲಿ ಈ ಪಟ್ಟಿ ಇಲಿಗಿಂತ ಹೆಚ್ಚು ಕಾಲ ಉಳಿಯುತ್ತದೆ, ಇಲಿಯಲ್ಲಿ ಕಾಣದ ಪದರಗಳಾಗಿ ಒಡೆಯುತ್ತದೆ ಎಂದು ಅಮೆರಿಕದ ಸಿಯಾಟಲ್‌ನ ಕ್ಯಾಥ್ಲೀನ್ ಮಿಲೆನ್ ಅವರ ತಂಡ 2019ರಲ್ಲಿ ಪ್ರಕಟಿಸಿತು. ಇಂಥ ಕೆಲಸ ನಮ್ಮಲ್ಲೂ ನಡೆದಿದೆ. ಮದ್ರಾಸ್ ಐಐಟಿ 2024ರಲ್ಲಿ, 14ರಿಂದ 24 ವಾರಗಳ ಐದು ಭ್ರೂಣಗಳ ಮೆದುಳಿನ 5,132 ತೆಳು ಸೀಳುಗಳ ಚಿತ್ರಗಳನ್ನು 'ಧರಣಿ' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು.

ಈಗ ಪಾಲಕರಿಗೆ ಒಂದು ಮಾತು. 28ನೆಯ ದಿನ ಎಂದೆನಲ್ಲ, ಆ ಹೊತ್ತಿಗೆ ತಾನು ಗರ್ಭಿಣಿಯೆಂದು ಎಷ್ಟೋ ತಾಯಂದಿರಿಗೆ ಗೊತ್ತೇ ಇರುವುದಿಲ್ಲ. ನರಕೊಳವೆಯ ಕೆಳತುದಿ ಮುಚ್ಚದೆ ಉಳಿದರೆ ಮಗುವಿನ ಬೆನ್ನುಹುರಿ ತೆರೆದುಕೊಂಡಿರುತ್ತದೆ. ಅಂಥ ಮಕ್ಕಳಲ್ಲಿ ಅನೇಕರಿಗೆ ಹಿಮ್ಮೆದುಳು ಕತ್ತಿನತ್ತ ಜಾರಿ, ದ್ರವದ ಹರಿವು ತಡೆದು, ತಲೆ ಊದಿಕೊಳ್ಳುತ್ತದೆ. ಫೋಲಿಕ್ ಆಮ್ಲ ಎಂಬ ಬಿ ಜೀವಸತ್ವವನ್ನು ಮೊದಲೇ ಸೇವಿಸಿದರೆ ಇಂಥ ದೋಷ ಮರುಕಳಿಸುವುದು ನಾಲ್ಕರಲ್ಲಿ ಸುಮಾರು ಮೂರು ಪಾಲು ತಪ್ಪುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನ ತೋರಿಸಿತು. ಸೊಪ್ಪು, ಬೇಳೆಕಾಳುಗಳಲ್ಲಿ ಅದು ಇದೆ. ಆದರೆ ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಮಾತ್ರೆಯೂ ಬೇಕು. ಹಿಂದೆ ಇಂಥ ಮಗು ಹುಟ್ಟಿದ್ದರೆ ವೈದ್ಯರು ಹೆಚ್ಚಿನ ಪ್ರಮಾಣ ಸೂಚಿಸುತ್ತಾರೆ.

ಮದುವೆಗೆ ಛತ್ರ ಗೊತ್ತುಮಾಡುವ ನಾವು ಹೊಸ ಸೊಸೆಗೋ ಮಗಳಿಗೋ ಈ ಮಾತನ್ನು ಹೇಳಲು ಸಂಕೋಚಪಡುತ್ತೇವೆ. ಗರ್ಭಿಣಿಯೆಂದು ತಿಳಿದ ಮೇಲೆ ಹೇಳಿದರಾಯಿತು ಎಂದುಕೊಂಡರೆ, ಅಷ್ಟರಲ್ಲಿ ಆ ಕೊಳವೆ ತನ್ನ ಕೆಲಸ ಮುಗಿಸಿರುತ್ತದೆ.